ಎರಡು ತಿಂಗಳು ಬರೀ ಕೂಗಿದೆ

ಹದಿಮೂರು ವರ್ಷ ಲೆದರ್ ಬಾಲ್ ಕ್ರಿಕೆಟ್ ಆಡಿದೆ. ಬೆಂಗಳೂರಿನ ಲೀಗ್‌ನಲ್ಲಿ ಮೀಡಿಯಂ ಪೇಸ್ ಬೌಲರ್. ಭುಜದ ನೋವು ಜಾಸ್ತಿಯಾಗಿ ಮೂವತ್ತೊಂದನೇ ವಯಸ್ಸಿಗೆ ಆಟ ಬಿಟ್ಟು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಮನೆಗೆ ಬಂದೆ. ಮಕ್ಕಳಿಗೆ ಕಲಿಸುವುದು ಕಷ್ಟವಲ್ಲ ಅಂದುಕೊಂಡಿದ್ದೆ. ನನಗೆ ಆಟ ಗೊತ್ತು, ಅಷ್ಟು ಸಾಕಲ್ವಾ?

ಸಾಕಾಗಲಿಲ್ಲ.

ನಮ್ಮ ಕಡೆಯ ಹುಡುಗರು ಬ್ಯಾಟ್ ಹಿಡಿಯುವುದೇ ಅಂಡರ್‌ಆರ್ಮ್ ಟೆನಿಸ್ ಬಾಲ್‌ಗೆ, ಕೊಯ್ಲು ಮುಗಿದ ಗದ್ದೆಯಲ್ಲಿ. ಚೆಂಡು ಎಲ್ಲೇ ಬೀಳಲಿ, ಲೆಗ್ ಕಡೆಗೆ ಎಳೆದು ಹೊಡೆಯುತ್ತಾರೆ. ಆಮೇಲೆ ಮುರಕಲ್ಲಿನ ನೆಲಕ್ಕೆ ಹಾಸಿದ ಮ್ಯಾಟಿಗೆ ಬರುತ್ತಾರೆ. ಮ್ಯಾಟಿನಲ್ಲಿ ಚೆಂಡು ಪುಟಿದು ಮೇಲೆ ಬರುವುದರಿಂದ ಅಡ್ಡ ಬ್ಯಾಟ್ ಹೇಗೋ ನಡೆಯುತ್ತದೆ. ಟರ್ಫ್ ವಿಕೆಟಿಗೆ, ಅಂದರೆ ಮಣ್ಣು-ಹುಲ್ಲಿನ ಪಿಚ್‌ಗೆ ಹೋದರೆ ಅದೇ ಚೆಂಡು ತಗ್ಗಿನಲ್ಲಿ ಬಂದು ಪ್ಯಾಡಿಗೆ ಬಡಿಯುತ್ತದೆ. ಸೆಲೆಕ್ಷನ್‌ಗೆ ಹೋದ ನಮ್ಮ ಮಕ್ಕಳು ಎಲ್‌ಬಿಡಬ್ಲ್ಯು ಆಗಿ ಬರುತ್ತಿದ್ದದ್ದು ಹೀಗೆ.

ಹನ್ನೆರಡು ವರ್ಷದ ಒಬ್ಬ ಹುಡುಗನಿದ್ದ. ಚೆಂಡನ್ನು ನಮಗಿಂತ ಬೇಗ ಕಾಣುವ ಕಣ್ಣು. ಆದರೆ ಬ್ಯಾಟ್ ಪ್ರತಿ ಸಲ ಗಲ್ಲಿ ಫೀಲ್ಡರ್ ನಿಲ್ಲುವ ಕಡೆಯಿಂದ, ಅಂದರೆ ಆಫ್ ಕಡೆಯ ಹಿಂದಿನಿಂದ ಸುತ್ತಿ ಬರುತ್ತಿತ್ತು. ‘ಮೊಣಕೈ ಎತ್ತು, ಬ್ಯಾಟ್ ನೇರ ತಾ’ ಅಂತ ಎರಡು ತಿಂಗಳು ಕೂಗಿದೆ. ನನ್ನ ಕೋಚ್ ನನಗೆ ಕೂಗಿದ್ದೂ ಅದನ್ನೇ. ಒಂದು ದಿನ ಅವನು ಮೆಲ್ಲ ಹೇಳಿದ, ‘ಸಾರ್, ಎತ್ತಿದ್ರೆ ಕೈ ನಡುಗ್ತದೆ.’

ಆಗ ಮೊದಲ ಸಲ ಅವನ ಬ್ಯಾಟ್ ಕೈಗೆ ತಗೊಂಡೆ. ಅಣ್ಣನ ಬ್ಯಾಟ್, ದೊಡ್ಡವರ ಅಳತೆ, ಒಂದು ಕಿಲೋಗಿಂತ ಜಾಸ್ತಿ ತೂಕ. ಹಿಡಿಗೆ ಎರಡು ರಬ್ಬರ್ ಗ್ರಿಪ್ ಬೇರೆ. ಅವನ ಮೇಲಿನ ಕೈಯ ಬೆರಳು ಅದನ್ನು ಸುತ್ತಿ ಹಿಡಿಯುವಷ್ಟು ಉದ್ದವಿರಲಿಲ್ಲ. ಕೆಳಗಿನ ಕೈಯಲ್ಲೇ ಅಷ್ಟು ಭಾರ ಎತ್ತುತ್ತಿದ್ದ. ಬ್ಯಾಟ್ ಸುತ್ತದೆ ಇನ್ನೇನು ಮಾಡುತ್ತದೆ?

ಅವನ ಅಮ್ಮ ಬಂದಾಗ ಹೇಳಿದೆ. ‘ದೊಡ್ಡದು ಇದ್ರೆ ನಾಲ್ಕು ವರ್ಷ ಬರ್ತದಲ್ವಾ ಮಾಷ್ಟ್ರೇ’ ಅಂದರು. ಅವರದ್ದು ತಪ್ಪಲ್ಲ, ಬ್ಯಾಟಿಗೆ ಎಷ್ಟು ದುಡ್ಡು! ನನ್ನ ಹತ್ತಿರ ಇದ್ದ ಹಳೆಯ ಐದನೇ ಸೈಜಿನ, ಮಕ್ಕಳ ಅಳತೆಯ ಬ್ಯಾಟ್ ಕೊಟ್ಟೆ. ಮೊಣಕೈ ಬಗ್ಗೆ ಮತ್ತೆ ಒಂದು ಮಾತೂ ಆಡಲಿಲ್ಲ. ಮೂರನೇ ವಾರಕ್ಕೆ ಚೆಂಡು ಬೌಲರ್ ಪಕ್ಕದಿಂದ ನೇರ ಹೋಯಿತು.

ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ಮುಂಬೈ ಎದುರು 54 ಚೆಂಡಿಗೆ ಹೊಡೆದ 137 ಎಲ್ಲ ಮಕ್ಕಳಿಗೂ ಬಾಯಿಪಾಠ. ನಾನು ಮಕ್ಕಳಿಗೆ ತೋರಿಸುವುದು ಅಜರುದ್ದೀನ್ ಅವರದ್ದೇ 2025ರ ರಣಜಿ ಸೆಮಿಫೈನಲ್ ಆಟ. ಗುಜರಾತ್ ವಿರುದ್ಧ 341 ಚೆಂಡು ಆಡಿ ಅಜೇಯ 177. ಕೇರಳ ಮೊದಲ ಇನಿಂಗ್ಸ್‌ನ ಎರಡೇ ರನ್ ಮುನ್ನಡೆಯಿಂದ ಮೊದಲ ಸಲ ಫೈನಲ್‌ಗೆ ಹೋಯಿತು. ಎಷ್ಟು ಚೆಂಡು ಸುಮ್ನೆ ಬಿಟ್ಟಿದ್ದಾರೆ ಅಂತ ಮಕ್ಕಳೇ ಎಣಿಸಬೇಕು.

ಮಳೆಗಾಲದಲ್ಲಿ ನಮಗೆ ಮೈದಾನವಿಲ್ಲ. ಅಡಿಕೆ ಒಣಗಿಸುವ ಶೆಡ್ಡು ಆಗ ಖಾಲಿ. ಹತ್ತು ಮೀಟರ್ ದೂರದಿಂದ ಕೈಯಲ್ಲೇ ಚೆಂಡು ಎಸೆಯುತ್ತೇನೆ. ಹೊಸಬರು ಬಂದರೆ ಪ್ಯಾಡ್ ಕಟ್ಟುವ ಮೊದಲೇ ಕೇಳುತ್ತೇನೆ, ‘ಎಲ್ಲಿ ಮಗಾ, ನಿನ್ನ ಬ್ಯಾಟ್ ಇಲ್ಲಿ ಕೊಡು.’