ನೀರಿನ ಆಳ ನೋಡಲು ಹೋದೆವು: ಧೂಪದಾಳದಲ್ಲಿ ನಮ್ಮ ಹೈಸ್ಕೂಲಿನ ಮಕ್ಕಳು

ಮುಧೋಳ ತಾಲೂಕಿನ ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಕಬ್ಬು ಬೆಳೆಯುವ ಮನೆಯವರು. ಕಾಲುವೆಗೆ ನೀರು ಯಾವಾಗ ಬರುತ್ತದೆ, ಯಾರ ಪಾಳಿ ಯಾವ ರಾತ್ರಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಾತ್ರ "ಹಿಡಕಲ್ ಡ್ಯಾಮಿಂದ್ರೀ" ಎಂದು ಸುಮ್ಮನಾಗುತ್ತಾರೆ. ಹಿಡಕಲ್‌ಗೂ ನಮ್ಮ ಹೊಲಗಳಿಗೂ ನಡುವೆ ಗೋಕಾಕ ತಾಲೂಕಿನ ಧೂಪದಾಳ ಇದೆ. ಘಟಪ್ರಭೆಗೆ ಅಡ್ಡಲಾಗಿ ಅಲ್ಲೊಂದು ಒಡ್ಡು. 1897ರಲ್ಲಿ ಮುಗಿದ ಕಾಮಗಾರಿ ಅದು. ಎಡದಂಡೆ ಕಾಲುವೆ ಹೊರಡುವುದು ಅಲ್ಲಿಂದಲೇ. ಒಡ್ಡಿನ ಹಿಂದೆ ನೀರು ಹರಡಿತು, ಹೂಳು ಕೂತಿತು, ಜೊಂಡು ಬೆಳೆಯಿತು, ಹಕ್ಕಿಗಳು ಬಂದವು. 1974ರಲ್ಲಿ ಸುಮಾರು 30 ಚದರ ಕಿಲೋಮೀಟರ್ ಪ್ರದೇಶ ಘಟಪ್ರಭಾ ಪಕ್ಷಿಧಾಮವಾಯಿತು. ನಮ್ಮ ಹೊಲಕ್ಕೆ ಬರುವ ನೀರಿನಲ್ಲೇ ಹಕ್ಕಿಗಳೂ ಬದುಕುತ್ತವೆ. ವಿಜ್ಞಾನದ ಶಿಕ್ಷಕಿಯಾಗಿ ನನಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿರಲಿಲ್ಲ.

ಪ್ರವಾಸ ಅಂದಕೂಡಲೇ ಪಾಲಕರ ಸಭೆಯಲ್ಲಿ ಬಂದ ಮೊದಲ ಮಾತು, "ಅಲ್ಲಿತನಕ ಹೋಗತೀರಿ, ಗೋಕಾಕ ಫಾಲ್ಸ್‌ನೂ ತೋರಿಸ್ಕೊಂಡ ಬರ್ರಿ ಟೀಚರ್." ನಾನು ಒಪ್ಪಲಿಲ್ಲ. ವಲಸೆ ಹಕ್ಕಿಗಳು ಇರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಆಗ ಜಲಪಾತದಲ್ಲಿ ನೀರು ತೀರಾ ಕಡಿಮೆ. ಜಲಪಾತ ತುಂಬಿ ಧುಮ್ಮಿಕ್ಕುವ ಮಳೆಗಾಲದಲ್ಲಿ ಹಕ್ಕಿಗಳ ತಿಳಿನೀರು ಕೆಂಪಾಗಿ ಹರಿಯುತ್ತಿರುತ್ತದೆ. ಒಂದೇ ನದಿ, ಆದರೆ ಎರಡಕ್ಕೂ ಹಂಗಾಮು ಬೇರೆ. ಒಂದೇ ದಿನದಲ್ಲಿ ನಾಲ್ಕು ಸ್ಥಳ ಮುಗಿಸುವ ಪ್ರವಾಸದಲ್ಲಿ ಮಕ್ಕಳಿಗೆ ನೆನಪುಳಿಯುವುದು ಬಸ್ಸೊಂದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಗದದ ಕೆಲಸ ಎಲ್ಲರಿಗೂ ಗೊತ್ತಿರುವುದೇ: ಬಿಇಒ ಕಚೇರಿಯ ಅನುಮತಿ, ಪಾಲಕರ ಒಪ್ಪಿಗೆ ಪತ್ರ, ವಲಯ ಅರಣ್ಯ ಕಚೇರಿಗೊಂದು ಅರ್ಜಿ, ಸಾರಿಗೆ ಸಂಸ್ಥೆಯ ಒಪ್ಪಂದದ ಬಸ್ಸು. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ನೀರಿನ ದಂಡೆಗೆ ಹೋಗುವ ಮೊದಲೇ ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಆಗಿರಬೇಕು. ನಾವು ಘಟಪ್ರಭಾ ಊರಲ್ಲೇ ಅದನ್ನು ಮುಗಿಸಿಕೊಂಡೆವು. ಆಮೇಲೆ ಯಾರಿಗೂ ಅವಸರವಿರಲಿಲ್ಲ. ಅವಸರವಿಲ್ಲದಿದ್ದರೆ ಮಾತ್ರ ಹಕ್ಕಿ ಕಾಣುತ್ತದೆ.

ಪಾಠ ಶುರುವಾದದ್ದು ಪ್ರವಾಸಕ್ಕಿಂತ ಮೊದಲು, ನಮ್ಮೂರ ಕೆರೆಯ ಏರಿಯ ಮೇಲೆ. ಪ್ರತಿ ಮಗುವಿನ ವಹಿಯಲ್ಲಿ ಒಂದು ಇಳಿಜಾರು ಗೆರೆ ಎಳೆಸಿದೆ. ಎಡತುದಿ ಒಣನೆಲ, ನಂತರ ಕೆಸರು, ಪಾದ ಮುಳುಗುವ ನೀರು, ಮೊಣಕಾಲು ನೀರು, ಬಲತುದಿಗೆ ಆಳ. ಕಂಡ ಹಕ್ಕಿ ಎಲ್ಲಿ ನಿಂತಿದೆಯೋ ಆ ಜಾಗಕ್ಕೊಂದು ಅಂಕಿ. ಅಂಕಿಯ ಕೆಳಗೆ ಕಾಲು ಎಷ್ಟುದ್ದ, ಕೊಕ್ಕು ಹೇಗಿದೆ, ಏನು ಮಾಡುತ್ತಿದೆ. ಹೆಸರು ಬರೆಯುವಂತಿಲ್ಲ. ಹೆಸರು ಸಿಕ್ಕಕೂಡಲೇ ಮಕ್ಕಳು ನೋಡುವುದನ್ನು ನಿಲ್ಲಿಸುತ್ತಾರೆ, ಇದನ್ನು ನಾನು ತರಗತಿಯಲ್ಲೂ ಕಂಡಿದ್ದೇನೆ.

ನಸುಕಿನಲ್ಲೇ ಊರು ಬಿಟ್ಟೆವು. ಬುತ್ತಿಯಲ್ಲಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ದಂಡೆಯಲ್ಲಿ ಸೂರ್ಯ ಬೆನ್ನಿಗಿರುವಂತೆ ಕೂರಬೇಕು. ಇದಿರು ಬಿಸಿಲಲ್ಲಿ ಎಲ್ಲ ಹಕ್ಕಿಯೂ ಕಪ್ಪೇ. ಚಿಕ್ಕ ಚಿಕ್ಕ ಗುಂಪು ಮಾಡಿ, ಗುಂಪಿಗೊಬ್ಬ ಬರೆಯುವವನನ್ನು ನೇಮಿಸಿದೆ. ದುರ್ಬೀನನ್ನು ಮೊದಲ ಅರ್ಧ ತಾಸು ಚೀಲದಿಂದ ತೆಗೆಯಲೇ ಇಲ್ಲ. ಅದು ಕೈಗೆ ಬಂದರೆ ಸರದಿಗಾಗಿ ಎಳೆದಾಟ. ಬರಿಗಣ್ಣಿಗೆ ಇಡೀ ನೀರು ಒಟ್ಟಿಗೆ ಕಾಣುತ್ತದೆ.

ಆ ಅರ್ಧ ತಾಸಿನಲ್ಲೇ ವಹಿಗಳು ತುಂಬತೊಡಗಿದವು. ಒಣನೆಲದ ಮೇಲೆ ನಮ್ಮ ಹೊಲದಲ್ಲೂ ಕಿರುಚಾಡುವ ಟಿಟ್ಟಿಭ. ಪಾದ ಮುಳುಗುವಷ್ಟು ನೀರಲ್ಲಿ ಗುಲಾಬಿ ಕಡ್ಡಿಯಂಥ ಕಾಲುಗಳ ಮೆಟ್ಟುಗಾಲು ಹಕ್ಕಿ. ಇನ್ನೂ ಸ್ವಲ್ಪ ಆಳದಲ್ಲಿ ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ, ಕಾಲಿನಿಂದ ಕೆಸರು ಕದಡುತ್ತಿತ್ತು. ಅದು ಮೀನನ್ನು ಹಿಡಿಯುವುದು ಕಣ್ಣಿಗಿಂತ ಹೆಚ್ಚಾಗಿ ಕೊಕ್ಕಿನ ಸ್ಪರ್ಶದಿಂದ. ಪಕ್ಕದಲ್ಲೇ ಚಮಚದ ಕೊಕ್ಕಿನ ಹಕ್ಕಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತಿತ್ತು. ನಿಲ್ಲಲಾಗದ ಆಳದಲ್ಲಿ ಈಜುವ ನಾಮಗೋಳಿ, ಮುಳುಗೇಳುವ ಗುಳುಮುಳುಕ. ಒಂದು ಒಣ ಬೊಡ್ಡೆಯ ಮೇಲೆ ನೀರುಕಾಗೆ.

"ಟೀಚರ್, ಆ ಕರೀ ಹಕ್ಕಿ ಯಾಕ್ರೀ ಹಂಗ ರೆಕ್ಕಿ ಬಿಚ್ಚಿ ಕುಂತೈತಿ?" ಎಂದು ಒಬ್ಬ ಕೇಳಿದ.

"ನೋಡ್ಕೋತ ಇರು ತಮ್ಮಾ, ಅದು ನೀರಿಗಿಳದ ಮ್ಯಾಲ ಹೇಳತೀನಿ," ಎಂದೆ. ಅದು ಇಳಿದು, ಮುಳುಗಿ, ಎದ್ದು ಬಂದು ಮತ್ತೆ ರೆಕ್ಕೆ ಹರಡಿತು. ಬಾತುಗಳ ಗರಿ ನೀರನ್ನು ತಡೆಯುವಷ್ಟು ಇದರ ಗರಿ ತಡೆಯುವುದಿಲ್ಲ, ನೆನೆಯುತ್ತದೆ. ನೆನೆದು ಭಾರವಾದರೆ ಮುಳುಗುವುದು ಸಲೀಸು, ಆಮೇಲೆ ಒಣಗಿಸಿಕೊಳ್ಳಬೇಕು. ನಾನು ಬಾಯಿ ತೆರೆಯುವ ಮೊದಲೇ ಅರ್ಧ ಉತ್ತರವನ್ನು ಅವನೇ ಹೇಳಿದ್ದ.

ನನಗೆ ಅಂದು ಎಲ್ಲಕ್ಕಿಂತ ಹಿತವಾದ ಮಾತು ಹಿಂದೆ ಕೂತಿದ್ದ ಹುಡುಗಿಯದು. ತನ್ನ ಇಳಿಜಾರು ಚಿತ್ರ ತೋರಿಸಿ ಅಂದಳು: "ಇವು ಜಗಳಾ ಮಾಡೂದಿಲ್ರೀ ಟೀಚರ್. ಕಾಲವಿ ಪಾಳಿ ಇದ್ಧಂಗ ಒಂದೊಂದರದು ಒಂದೊಂದ ಜಾಗಾ ಐತ್ರೀ." ಪುಸ್ತಕ ಎರಡು ಪುಟದಲ್ಲಿ ವಿವರಿಸುವುದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಅದೇ ಎಳೆ ಹಿಡಿದು ಕೇಳಿದೆ: ಈಗ ಮೇಲಿಂದ ನೀರು ಬಿಟ್ಟು ಇಲ್ಲಿ ಮಟ್ಟ ಒಂದು ಮೊಳ ಏರಿದರೆ ಮೊದಲು ಜಾಗ ಬಿಡುವವರು ಯಾರು? ವಹಿಗಳ ಮೇಲೆ ಬೆರಳುಗಳು ಓಡಿದವು. ಮೆಟ್ಟುಗಾಲು ಹಕ್ಕಿಗೆ ನಿಲ್ಲಲು ನೆಲ ಇರುವುದಿಲ್ಲ, ಕೊಕ್ಕರೆ ದಂಡೆಯತ್ತ ಸರಿಯಬೇಕು, ನಾಮಗೋಳಿಗೆ ಏನೂ ಆಗದು. ಜೌಗುನೆಲದಲ್ಲಿ ನೀರು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬಗೆಯ ಆಳವಿದೆ ಎಂಬುದೇ ಮುಖ್ಯ ಎನ್ನುವುದನ್ನು ನಾನು ಬೇರೆಯಾಗಿ ಹೇಳಬೇಕಾಗಲಿಲ್ಲ.

ಈ ಧಾಮದ ಹೆಸರಿನೊಂದಿಗೆ ಸದಾ ಕೇಳಿಬರುವ ಡೆಮಾಯ್ಸೆಲ್ ಕ್ರೇನ್ ಹಕ್ಕಿಗಳು ನಮಗೆ ಕಾಣಲಿಲ್ಲ. ಮಧ್ಯ ಏಷ್ಯಾದಿಂದ ಬರುವ ಅತಿಥಿಗಳವು, ಬೇಕೆಂದಾಗ ಸಿಗುವುದಿಲ್ಲ. ಮಕ್ಕಳಿಗೆ ಕೊರತೆ ಎನಿಸಲಿಲ್ಲ. ಊಟದ ನಂತರ ಚಿತ್ರಗಳ ಪುಸ್ತಕ ತೆಗೆದು ಅಂಕಿಗಳಿಗೆ ಹೆಸರು ಹಚ್ಚಿದೆವು. ತಾವೇ ಅಷ್ಟು ಹೊತ್ತು ನೋಡಿದ ಹಕ್ಕಿಯ ಹೆಸರು ಎಂದು ಒಬ್ಬೊಬ್ಬರೂ ಎರಡೆರಡು ಸಲ ಹೇಳಿಕೊಂಡರು.

ಊರಿಗೆ ಬಂದ ಮೇಲೆ ನಮ್ಮ ಕೆರೆಯ ಹಳೆಯ ಪುಟವನ್ನು ಧೂಪದಾಳದ ಪುಟದ ಪಕ್ಕ ಇಟ್ಟು ನೋಡಿದೆವು. ನಮ್ಮ ಕೆರೆಯಲ್ಲಿ ಅಂಕಿಗಳೆಲ್ಲ ಬಲತುದಿಗೇ ಇದ್ದವು: ನೀರುಕಾಗೆ, ಗುಳುಮುಳುಕ, ಅಷ್ಟೇ. ಹೂಳೆತ್ತುವಾಗ ಜೆಸಿಬಿ ದಂಡೆಯನ್ನು ಗೋಡೆಯಂತೆ ಕಡಿದಿದ್ದರಿಂದ ಪಾದ ಮುಳುಗುವ ನೀರೇ ಉಳಿದಿಲ್ಲ. ಹೂಳೆತ್ತುವುದು ಬೇಡ ಎಂದು ರೈತರ ಮಕ್ಕಳು ಹೇಳಲಾರರು, ನಾನೂ ಹೇಳುವುದಿಲ್ಲ. ಒಂದು ಕಡೆಯ ದಂಡೆಯನ್ನಾದರೂ ಇಳಿಜಾರಾಗಿ ಬಿಡಿ ಎಂದು ಅವರು ಮಕ್ಕಳ ಗ್ರಾಮಸಭೆಯಲ್ಲಿ ಎರಡೂ ಚಿತ್ರ ಹಿಡಿದು ಕೇಳಿದರು. ಮುಂದಿನ ಬೇಸಿಗೆಯ ಕೆಲಸದಲ್ಲಿ ಪಡುವಣ ದಂಡೆಗೆ ಯಂತ್ರ ಇಳಿಸುವುದಿಲ್ಲವೆಂದು ಪಂಚಾಯಿತಿಯವರು ಒಪ್ಪಿದ್ದಾರೆ. ಎಲ್ಲಿಂದ ಎಲ್ಲಿಯವರೆಗೆ ಬಿಡಬೇಕೆಂದು ಅಳೆದು ಗೂಟ ಹೊಡೆದು ತೋರಿಸುವ ಕೆಲಸ ಈಗ ಒಂಬತ್ತನೇ ತರಗತಿಯದು.