ಮೇಜರ್ ಸೂಟಿನ ಓಪನಿಂಗ್ ನಂತರದ 2 ನೋ ಟ್ರಂಪ್: ನಾವು ಕಟ್ಟಿಕೊಂಡ ಒಪ್ಪಂದ

ಬ್ರಿಡ್ಜ್ ಇಸ್ಪೀಟಾಟದ ಬಿಡ್ಡಿಂಗಿನಲ್ಲಿ, ಅಂದರೆ ಎಷ್ಟು ಟ್ರಿಕ್ (ಸುತ್ತು) ಗೆಲ್ಲುತ್ತೇವೆಂದು ಸರದಿಯಲ್ಲಿ ಹೇಳುವ ಹಂತದಲ್ಲಿ, ನಾನೂ ನನ್ನ ಜೊತೆಗಾರರೂ ಮೊದಲ ಕೆಲವು ವರ್ಷ ಜೇಕಬಿ 2 ನೋ ಟ್ರಂಪ್ ಎಂಬ ಉತ್ತರವನ್ನು ಎಲ್ಲರೂ ಆಡುವ ರೀತಿಯಲ್ಲೇ ಆಡುತ್ತಿದ್ದೆವು. ಒಬ್ಬರು 1 ಹಾರ್ಟ್ ಅಥವಾ 1 ಸ್ಪೇಡ್ (ಇವೆರಡೇ ಮೇಜರ್ ಸೂಟುಗಳು) ಎಂದು ತೆರೆದಾಗ, ಅಂದರೆ ಮೊದಲ ಬಿಡ್ ಹೇಳಿದಾಗ, ಅದೇ ಸೂಟಿನಲ್ಲಿ ಕನಿಷ್ಠ ನಾಲ್ಕು ಎಲೆಗಳೂ ಗೇಮ್ (ಬೋನಸ್ ಸಿಗುವ ಮಟ್ಟ, ಇಲ್ಲಿ ಹತ್ತು ಟ್ರಿಕ್) ತಲುಪಲು ಸಾಕಾಗುವ ಬಲವೂ ಇರುವ ಇನ್ನೊಬ್ಬರು 2 ನೋ ಟ್ರಂಪ್ ಎನ್ನುತ್ತಾರೆ. ಅದಕ್ಕೆ ಓಪನರ್ ಮೂರನೆಯ ಹಂತದಲ್ಲಿ ಹೊಸ ಸೂಟ್ ಹೇಳಿದರೆ ಆ ಸೂಟಿನಲ್ಲಿ ಒಂದೇ ಎಲೆ ಇದೆ ಅಥವಾ ಒಂದೂ ಇಲ್ಲ ಎಂದರ್ಥ; ಅಂಥ ಕೊರತೆ ಇಲ್ಲದೆ ಕೈಯೂ ಸಾಧಾರಣವಾಗಿದ್ದರೆ ನೇರವಾಗಿ ಗೇಮಿಗೆ ಹೋಗಬೇಕು. ಆಸ್ವಾಲ್ಡ್ ಜೇಕಬಿಯವರ ಹೆಸರು ಹೊತ್ತ ಈ ಪದ್ಧತಿ ಕಲಿಯಲು ಸುಲಭ, ಮತ್ತು ನಮಗೆ ಅದರಲ್ಲಿ ದೋಷ ಕಾಣಿಸಿದ್ದು ಬಹಳ ತಡವಾಗಿ.

ದೋಷ ಕಾಣಿಸಿದ ಕೈ ಇದು. ನನ್ನ ಬಳಿ ಸ್ಪೇಡಿನಲ್ಲಿ ಎಕ್ಕ, ರಾಣಿ, 10, 7, 4. ಹಾರ್ಟಿನಲ್ಲಿ ರಾಜ, ಗುಲಾಮ, 8, 5. ಡೈಮಂಡಿನಲ್ಲಿ ಬರೀ 6. ಕ್ಲಬ್ಬಿನಲ್ಲಿ ರಾಣಿ, 7, 2 ಇದ್ದವು. ಜೊತೆಗಾರರ ಬಳಿ ಸ್ಪೇಡಿನಲ್ಲಿ ರಾಜ, ಗುಲಾಮ, 8, 3. ಹಾರ್ಟಿನಲ್ಲಿ ಎಕ್ಕ, ರಾಣಿ. ಡೈಮಂಡಿನಲ್ಲಿ ಎಕ್ಕ, 9, 5, 4. ಕ್ಲಬ್ಬಿನಲ್ಲಿ 8, 5, 3. ನಾನು 1 ಸ್ಪೇಡ್, ಅವರು 2 ನೋ ಟ್ರಂಪ್, ನಾನು ಒಪ್ಪಂದದಂತೆ 3 ಡೈಮಂಡ್, ಅವರು 4 ಸ್ಪೇಡ್. ಲೀಡ್ ಮಾಡಬೇಕಿದ್ದ, ಅಂದರೆ ಮೊದಲ ಎಲೆ ಇಳಿಸಬೇಕಿದ್ದ, ಎದುರಾಳಿಯ ಕೈಯಲ್ಲಿ ಡೈಮಂಡಿನ ರಾಜ, ರಾಣಿ, ಗುಲಾಮ, 10 ಸಾಲಾಗಿ ಕೂತಿದ್ದವು. ಬೇರೆ ಯಾವ ಸಂದರ್ಭದಲ್ಲಾದರೂ ಆತ ಕಣ್ಣು ಮುಚ್ಚಿ ರಾಜನನ್ನು ಇಳಿಸುತ್ತಿದ್ದ. ಆದರೆ ನನ್ನ ಬಳಿ ಡೈಮಂಡ್ ಒಂದೇ ಇದೆ ಎಂದು ನಾನೇ ಸಾರಿಬಿಟ್ಟಿದ್ದರಿಂದ, ಆತ ಸ್ವಲ್ಪ ಹೊತ್ತು ಯೋಚಿಸಿ ಕ್ಲಬ್ಬಿನ ರಾಜ, ಗುಲಾಮ, 9ರಿಂದ 9 ಇಳಿಸಿದ. ಆತನ ಜೊತೆಗಾರ ಎಕ್ಕದಿಂದ ಗೆದ್ದು ಮತ್ತೆ ಕ್ಲಬ್ಬನ್ನೇ ಆಡಿದಾಗ ಮೊದಲ ಮೂರು ಟ್ರಿಕ್ ಅವರ ಪಾಲಾದವು; ನಮಗೆ ಹತ್ತು ಉಳಿದವು. ಡೈಮಂಡ್ ಲೀಡ್ ಬಂದ ಮೇಜುಗಳಲ್ಲಿ ಡಮ್ಮಿಯ (ಮೇಜಿನ ಮೇಲೆ ತೆರೆದಿಟ್ಟ ಜೊತೆಗಾರರ ಕೈಯ) ಎರಡು ಕ್ಲಬ್ಬುಗಳು ನನ್ನ ಹಾರ್ಟಿನ ರಾಜ, ಗುಲಾಮನ ಮೇಲೆ ಹೋಗಿ ಹನ್ನೆರಡು ಟ್ರಿಕ್ ಆಗಿದ್ದವು. ಗೇಮ್ ಆದರೂ, ಅದೇ ಎಲೆಗಳನ್ನು ಎಲ್ಲ ಮೇಜುಗಳಲ್ಲೂ ಆಡಿಸಿ ಹೋಲಿಸುವ ಜೋಡಿಗಳ ಪಂದ್ಯದಲ್ಲಿ ನಮಗೆ ಸಿಕ್ಕ ಅಂಕ ಸೊನ್ನೆಗೆ ಹತ್ತಿರ.

ಆ ಸಂಜೆ ನನ್ನನ್ನು ಕಾಡಿದ್ದು ಸೋಲಿಗಿಂತ ಹೆಚ್ಚಾಗಿ, ನನ್ನ 3 ಡೈಮಂಡ್ ಬಿಡ್ ಜೊತೆಗಾರರಿಗೆ ಯಾವ ಉಪಯೋಗಕ್ಕೂ ಬರಲಿಲ್ಲ ಎಂಬುದು. ಅವರ 14 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಕೈಗೆ ನನ್ನದು ಸಾಧಾರಣ ಎಂದು ಗೊತ್ತಾಗಿದ್ದರೆ ಸಾಕಿತ್ತು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಹೇಳಿದ್ದೆ. ಓಪನಿಂಗ್ ಕೈಗಳಲ್ಲಿ 11ರಿಂದ 14 ಪಾಯಿಂಟಿನವು 15ಕ್ಕೂ ಹೆಚ್ಚು ಪಾಯಿಂಟಿನವುಗಳಿಗಿಂತ ಬಹಳ ಹೆಚ್ಚು ಸಲ ಬರುತ್ತವೆ, ಹೀಗಾಗಿ ಪದ್ಧತಿಯು ಅತಿ ಹೆಚ್ಚು ಸಲ ಬರುವ ಕೈಗಳಲ್ಲೇ ಅತಿ ಹೆಚ್ಚು ಗುಟ್ಟು ಬಿಟ್ಟುಕೊಡುತ್ತಿತ್ತು. ಇನ್ನೊಂದು ಕಡೆ, ಕೊರತೆಯಿಲ್ಲದ ಸಾಧಾರಣ ಕೈಗೆ 4 ಸ್ಪೇಡ್ ಎಂದು ಜಿಗಿಯುವುದರಿಂದ, 2 ನೋ ಟ್ರಂಪ್ ಮತ್ತು 4 ಸ್ಪೇಡ್ ನಡುವಿನ ಎಂಟು ಬಿಡ್‌ಗಳೂ ಒಂದೇ ಏಟಿಗೆ ಹೋಗುತ್ತಿದ್ದವು; ಉತ್ತರಿಸುವವರ ಕೈ ಬಲವಾಗಿದ್ದರೆ ಗೇಮನ್ನು ದಾಟದೆ ಅವರು ಏನನ್ನೂ ಕೇಳುವಂತಿರಲಿಲ್ಲ.

ಆದ್ದರಿಂದ ಬಲವನ್ನು ಮೊದಲು ಹೇಳುವುದು, ಆಕಾರವನ್ನು ಕೇಳಿದರೆ ಮಾತ್ರ ಹೇಳುವುದು ಎಂದು ನಿಶ್ಚಯಿಸಿದೆವು. ಅತಿ ಅಗ್ಗದ ಬಿಡ್ಡಾದ 3 ಕ್ಲಬ್ ಎಲ್ಲ ಸಾಧಾರಣ ಕೈಗಳಿಗೂ ಮೀಸಲಾಯಿತು. ಅದರ ಮೇಲೆ ಉತ್ತರಿಸುವವರು ಗೇಮ್ ಹೇಳಿ ಮುಗಿಸಬಹುದು, ಇಲ್ಲವೇ 3 ಡೈಮಂಡ್ ಎಂದು ಕೊರತೆ ಎಲ್ಲಿದೆ ಎಂದು ಕೇಳಬಹುದು. 15 ಮತ್ತು ಮೇಲ್ಪಟ್ಟ ಕೈಗಳು ಕೇಳಿಸಿಕೊಳ್ಳದೆಯೇ 3 ಡೈಮಂಡಿನಿಂದ ಮೇಲಿನ ಬಿಡ್‌ಗಳಲ್ಲಿ ತಮ್ಮ ಆಕಾರ ಹೇಳಬೇಕು, ಏಕೆಂದರೆ ಅಲ್ಲಿ ಸ್ಲ್ಯಾಮ್ (ಹನ್ನೆರಡು ಅಥವಾ ಹದಿಮೂರು ಟ್ರಿಕ್ಕಿನ ಬಿಡ್) ಸಾಧ್ಯತೆ ನಿಜವಾಗಿಯೂ ಇರುತ್ತದೆ.

ಇಲ್ಲಿಯವರೆಗೆ ಒಂದು ಸಂಜೆಯ ಕೆಲಸ. ಕಷ್ಟವೆಲ್ಲ ಉಳಿದ ಉತ್ತರಗಳ ಜೋಡಣೆಯಲ್ಲಿತ್ತು, ಮತ್ತು ನಮ್ಮ ಮೊದಲ ಜೋಡಣೆ ತಪ್ಪಿತು. ನೆನಪಿಗೆ ಸುಲಭವಾಗಲಿ ಎಂದು ಬಲವಾದ ಕೈಯು ಕೊರತೆಯಿರುವ ಸೂಟನ್ನೇ ಹೇಳಲಿ, 3 ಕ್ಲಬ್ ಬೇರೆ ಕೆಲಸಕ್ಕೆ ಹೋಗಿರುವುದರಿಂದ ಕ್ಲಬ್ ಕೊರತೆಗೆ ಮಾತ್ರ ತುರುಫು ಸೂಟನ್ನು ಬಳಸಲಿ ಎಂದು ಬರೆದುಕೊಂಡೆವು. ಕಾಗದದ ಮೇಲೆ ಅದು ಸಹಜವಾಗಿ ಕಂಡಿತು. ಆದರೆ ಅದರ ಪ್ರಕಾರ 3 ಹಾರ್ಟ್ ಎಂಬ ಒಂದೇ ಬಿಡ್, 1 ಹಾರ್ಟ್ ತೆರೆದಾಗ ಕ್ಲಬ್ ಕೊರತೆಯನ್ನೂ 1 ಸ್ಪೇಡ್ ತೆರೆದಾಗ ಹಾರ್ಟ್ ಕೊರತೆಯನ್ನೂ ಸೂಚಿಸುತ್ತಿತ್ತು. ಕೆಲವೇ ವಾರಗಳಲ್ಲಿ, 1 ಸ್ಪೇಡ್ ನಂತರ ಬಂದ 3 ಹಾರ್ಟ್ ಏನೆಂದು ಎದುರಾಳಿ ಕೇಳಿದಾಗ ನಾನು ಪೂರ್ಣ ವಿಶ್ವಾಸದಿಂದ ಕ್ಲಬ್ ಸಿಂಗಲ್‌ಟನ್ (ಒಂದೇ ಎಲೆ) ಎಂದು ವಿವರಿಸಿ, ನನ್ನ ಮೂರು ಸಣ್ಣ ಕ್ಲಬ್ಬುಗಳು ಇನ್ನು ಚಿಂತೆಯಿಲ್ಲವೆಂದು ಭಾವಿಸಿ ನೇರವಾಗಿ 6 ಸ್ಪೇಡ್ ಹೇಳಿಬಿಟ್ಟೆ. ನನ್ನ ತಪ್ಪು ವಿವರಣೆ ಜೊತೆಗಾರರ ಕಿವಿಗೆ ಬಿದ್ದಿತ್ತು, ಆದರೆ ನಿಯಮದ ಪ್ರಕಾರ ಅದು ಅವರು ಬಳಸಬಾರದ ಮಾಹಿತಿ. ಅವರು ಸುಮ್ಮನೆ ಪಾಸ್ ಹೇಳಿದರು. ಬಿಡ್ಡಿಂಗ್ ಮುಗಿದ ಮೇಲೆ, ಡಿಕ್ಲೇರರ್ (ಆ ಕೈಯನ್ನು ಆಡಿಸುವವರು) ಆಗಿ, ಲೀಡಿಗೆ ಮುಂಚೆ ತಪ್ಪನ್ನು ಸರಿಪಡಿಸುವುದು ಅವರ ಕರ್ತವ್ಯವಾಗಿತ್ತು, ಸರಿಪಡಿಸಿದರು. ಎದುರಾಳಿ ಧನ್ಯವಾದ ಹೇಳಿ ಕ್ಲಬ್ಬಿನ ಎಕ್ಕವನ್ನೂ ಅದರ ಹಿಂದೆಯೇ ರಾಜನನ್ನೂ ಇಳಿಸಿದ.

ಅದಾದ ಮೇಲೆ ಸಹಜತೆಯ ಆಸೆಯನ್ನು ಬಿಟ್ಟು ಮೆಟ್ಟಿಲುಗಳ ಲೆಕ್ಕಕ್ಕೆ ಬಂದೆವು. ಮೊದಲ ಮೆಟ್ಟಿಲು ಕೊರತೆ ಇಲ್ಲ, ಎರಡನೆಯದು ಕ್ಲಬ್, ಮೂರನೆಯದು ಡೈಮಂಡ್, ನಾಲ್ಕನೆಯದು ಇನ್ನೊಂದು ಮೇಜರ್. ಬಲವಾದ ಕೈಗೆ ಈ ಮೆಟ್ಟಿಲುಗಳು 3 ಡೈಮಂಡ್, 3 ಹಾರ್ಟ್, 3 ಸ್ಪೇಡ್, 3 ನೋ ಟ್ರಂಪ್. ಸಾಧಾರಣ ಕೈಯು 3 ಡೈಮಂಡ್ ಪ್ರಶ್ನೆಗೆ ಉತ್ತರಿಸುವಾಗ ಒಂದು ಮೆಟ್ಟಿಲು ಮೇಲಕ್ಕೆ ಸರಿದು 3 ಹಾರ್ಟ್, 3 ಸ್ಪೇಡ್, 3 ನೋ ಟ್ರಂಪ್, 4 ಕ್ಲಬ್. ತೆರೆದದ್ದು ಯಾವ ಮೇಜರ್ ಆದರೂ ಪಟ್ಟಿ ಒಂದೇ, ಮತ್ತು ಕೊನೆಯ ಉತ್ತರವೂ 4 ಹಾರ್ಟಿಗಿಂತ ಕೆಳಗೇ ನಿಲ್ಲುತ್ತದೆ. ಇನ್ನೂ ಚುರುಕಾದ ಜೋಡಣೆಗಳು ಇವೆ ಎಂದು ಬಲ್ಲೆ. ನಮಗೆ ಬೇಕಿದ್ದದ್ದು ಪಂದ್ಯದ ಕೊನೆಯ ಸುತ್ತಿನಲ್ಲೂ ಮರೆಯದಂಥದು.

ಅಭ್ಯಾಸಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ. ಒಂದು ಕಟ್ಟಿನಿಂದ ಐದು ಸ್ಪೇಡುಗಳನ್ನು ಒಬ್ಬರ ಮುಂದೆ, ನಾಲ್ಕನ್ನು ಇನ್ನೊಬ್ಬರ ಮುಂದೆ ಮೊದಲೇ ಇಟ್ಟು, ಉಳಿದ 43 ಎಲೆಗಳನ್ನು ಕಲಸಿ ಮೊದಲನೆಯವರಿಗೆ ಎಂಟು, ಎರಡನೆಯವರಿಗೆ ಒಂಬತ್ತು ಹಂಚಿದರೆ ಮಿಕ್ಕ 26 ಎದುರಾಳಿಗಳ ಪಾಲು. ಬಲ ಸಾಲದ ಕೈಗಳನ್ನು ಪಕ್ಕಕ್ಕಿಟ್ಟು ಮತ್ತೆ ಕಲಸುತ್ತಿದ್ದೆವು. ಪಂದ್ಯಗಳಲ್ಲಿ ಅಪರೂಪಕ್ಕೆ ಬರುವ ಪರಿಸ್ಥಿತಿ ಹೀಗೆ ಒಂದೇ ಸಂಜೆ ಹತ್ತಾರು ಸಲ ಎದುರಾಗುತ್ತದೆ. ಎದುರಾಳಿಗಳು ನಡುವೆ ಬಾಯಿ ಹಾಕಿದರೆ ಏನೆಂಬುದೂ ಈ ಅಭ್ಯಾಸದಲ್ಲೇ ತೀರ್ಮಾನವಾಯಿತು: 2 ನೋ ಟ್ರಂಪಿನ ಮೇಲೆ ಅವರು ಸೂಟ್ ಹೇಳಿದರೆ ಪಾಸ್ ಎಂದರೆ ಸಾಧಾರಣ ಕೈ, ಡಬಲ್ ಎಂದರೆ ಅವರ ಸೂಟಿನಲ್ಲಿ ಕೊರತೆಯಿರುವ ಬಲವಾದ ಕೈ, ನಮ್ಮ ಓಪನಿಂಗಿಗೇ ಅವರು ಡಬಲ್ ಎಂದರೆ 2 ನೋ ಟ್ರಂಪ್ ಗೇಮಿಗೆ ಆಹ್ವಾನ ಮಾತ್ರ.

ಮೇಜರ್ ಓಪನಿಂಗಿಗೆ ಬೆಂಬಲ ತೋರಿಸುವ ಬರ್ಗೆನ್ ರೇಸ್‌ಗಳನ್ನೂ ಸ್ವಲ್ಪ ಕಾಲ ಆಡಿ ಬಿಟ್ಟೆವು. 3 ಕ್ಲಬ್, 3 ಡೈಮಂಡ್ ಎರಡನ್ನೂ ಕೃತಕ ಬೆಂಬಲಕ್ಕೆ ಕೊಟ್ಟರೆ, ಆರು ಎಲೆಗಳ ಮೈನರ್ (ಕ್ಲಬ್ ಅಥವಾ ಡೈಮಂಡ್) ಇರುವ ಆಹ್ವಾನದ ಕೈಗೆ ಜಾಗ ಉಳಿಯುವುದಿಲ್ಲ. ಮೊದಲು ಪಾಸ್ ಹೇಳಿದವರು ಜೊತೆಗಾರರ ಮೇಜರ್ ಓಪನಿಂಗಿಗೆ 2 ಕ್ಲಬ್ ಎಂದು ಬೆಂಬಲ ತೋರಿಸುವ ಡ್ರೂರಿಯನ್ನು ಮಾತ್ರ ಯಾರು ಹೇಳಿದರೂ ಬಿಡಲಾರೆ. ಕೆನಡಾದ ಡಗ್ಲಸ್ ಡ್ರೂರಿ ಅದನ್ನು ಕಟ್ಟಿದ್ದು, ಮೂರನೆಯ ಸ್ಥಾನದಲ್ಲಿ ಬಹಳ ಹಗುರವಾಗಿ ತೆರೆಯುತ್ತಿದ್ದ ತಮ್ಮ ಜೊತೆಗಾರ ಎರಿಕ್ ಮರ್ರೆ ಅವರಿಂದ ತಮ್ಮನ್ನು ಕಾಪಾಡಿಕೊಳ್ಳಲು; ನನ್ನ ಜೊತೆಗಾರರಿಗೂ ಅದೇ ಚಟ.

ಹೊಸ ಪಟ್ಟಿ ಫಲ ಕೊಟ್ಟ ಒಂದು ಕೈಯನ್ನು ಹೇಳಲೇಬೇಕು. ನನ್ನ ಬಳಿ ಸ್ಪೇಡಿನಲ್ಲಿ ರಾಜ, ಗುಲಾಮ, 8, 5; ಹಾರ್ಟಿನಲ್ಲಿ ಎಕ್ಕ, ರಾಣಿ, 3; ಡೈಮಂಡಿನಲ್ಲಿ ಎಕ್ಕ, ರಾಣಿ, 2; ಕ್ಲಬ್ಬಿನಲ್ಲಿ 8, 6, 2 ಇದ್ದವು. 1 ಸ್ಪೇಡಿಗೆ 2 ನೋ ಟ್ರಂಪ್ ಎಂದೆ, 3 ಕ್ಲಬ್ ಬಂತು, 3 ಡೈಮಂಡ್ ಕೇಳಿದೆ, 3 ಸ್ಪೇಡ್ ಬಂತು: ಎರಡನೆಯ ಮೆಟ್ಟಿಲು, ಕ್ಲಬ್ ಕೊರತೆ. 4 ನೋ ಟ್ರಂಪ್ ಎಂದು ಎಕ್ಕಗಳೆಷ್ಟೆಂದು ಕೇಳಿ, ನಮ್ಮಲ್ಲಿ ಒಂದೇ ಒಂದು ಎಕ್ಕ ಇಲ್ಲವೆಂದು ಖಚಿತಪಡಿಸಿಕೊಂಡು 6 ಸ್ಪೇಡ್ ಹೇಳಿದೆ. ಎದುರಿನ ಕೈಯಲ್ಲಿ ಸ್ಪೇಡಿನ ಎಕ್ಕ, ರಾಣಿ, 9, 6, 3, ಹಾರ್ಟಿನ ರಾಜ, 7, 4, 2, ಡೈಮಂಡಿನ ರಾಜ, 8, 5, ಕ್ಲಬ್ಬಿನ 4. ಎರಡೂ ಕೈ ಸೇರಿ 28 ಪಾಯಿಂಟ್; ಐದು ಸ್ಪೇಡ್, ಮೂರು ಹಾರ್ಟ್, ಮೂರು ಡೈಮಂಡ್, ನಾಲ್ಕನೆಯ ಹಾರ್ಟಿಗೆ ಡಮ್ಮಿಯ ತುರುಫು, ಒಟ್ಟು ಹನ್ನೆರಡು. ಅದೇ ಪ್ರಶ್ನೆಗೆ 4 ಕ್ಲಬ್ ಬಂದಿದ್ದರೆ, ಅಂದರೆ ಕೊರತೆ ಹಾರ್ಟಿನಲ್ಲಿದ್ದಿದ್ದರೆ, ನನ್ನ ಹಾರ್ಟ್ ರಾಣಿ ಹೆಚ್ಚುಕಡಿಮೆ ವ್ಯರ್ಥವೆಂದೂ ಕ್ಲಬ್ಬಿನಲ್ಲಿ ತೂತಿದೆಯೆಂದೂ ತಿಳಿದು 4 ಸ್ಪೇಡಿನಲ್ಲಿ ನಿಲ್ಲುತ್ತಿದ್ದೆ.

2 ನೋ ಟ್ರಂಪಿಗೆ ನೇರವಾಗಿ 4 ಕ್ಲಬ್ ಅಥವಾ 4 ಡೈಮಂಡ್ ಎನ್ನುವುದಕ್ಕೆ ನಮ್ಮ ಪಟ್ಟಿಯಲ್ಲಿ ಇನ್ನೂ ಅರ್ಥವಿಲ್ಲ. ಅವು ಒಂದೂ ಎಲೆಯಿಲ್ಲದ ಸೂಟನ್ನು ತೋರಿಸಲಿ ಎಂಬುದು ಜೊತೆಗಾರರ ವಾದ, ಒಳ್ಳೆಯ ಐದು ಎಲೆಗಳ ಎರಡನೆಯ ಸೂಟನ್ನು ತೋರಿಸಲಿ ಎಂಬುದು ನನ್ನದು. ಇಬ್ಬರೂ ಒಪ್ಪುವವರೆಗೆ ಆ ಎರಡು ಬಿಡ್‌ಗಳನ್ನು ಯಾರೂ ಹೇಳಕೂಡದೆಂದು ಹಾಳೆಯ ಕೊನೆಯಲ್ಲಿ ಬರೆದುಕೊಂಡಿದ್ದೇವೆ.