ಮೊದಲು ಕೆಲಸ, ಆಮೇಲೆ ಗೋಡೆಯ ಬರಹ

ಸಮಕಾಲೀನ ಕಲೆಯ ಪ್ರದರ್ಶನಕ್ಕೆ ಹೋದಾಗ ಬಾಗಿಲ ಪಕ್ಕದ ಗೋಡೆಯಲ್ಲಿ ಹಾಕಿರುವ ಪರಿಚಯದ ಟಿಪ್ಪಣಿಯನ್ನು ನಾನು ಕೊನೆಗೆ ಓದುತ್ತೇನೆ. ಅದರಲ್ಲಿ ‘ನೆನಪು’, ‘ಅಸ್ಮಿತೆ’, ‘ದೇಹ’ ಅಂತೆಲ್ಲ ಇರುತ್ತದೆ. ಒಮ್ಮೆ ಓದಿದರೆ ಮುಗೀತು, ಕಣ್ಣು ಅದನ್ನೇ ಹುಡುಕಲು ಶುರು ಮಾಡುತ್ತದೆ. ಆಮೇಲೆ ನಾವು ಬರೆಯುವುದು ನೋಡಿದ್ದನ್ನಲ್ಲ, ಟಿಪ್ಪಣಿಯನ್ನೇ ಇನ್ನೊಂದು ಸಲ. ಪ್ರದರ್ಶನಗಳ ಬಗ್ಗೆ ಬರುವ ಬರಹಗಳಲ್ಲಿ ಜಾಸ್ತಿ ಇಂಥವೇ, ಅಲ್ವಾ?

ಉದ್ಘಾಟನೆಯ ದಿನ ಹೋಗುವುದು ಜನರನ್ನು ಮಾತಾಡಿಸಲಿಕ್ಕೆ. ಕಲಾಕೃತಿಗಳನ್ನು ನೋಡಲು ವಾರದ ನಡುವೆ, ಗ್ಯಾಲರಿ ಖಾಲಿ ಇರುವ ಹೊತ್ತಲ್ಲಿ ಮತ್ತೆ ಹೋಗುತ್ತೇನೆ. ಮೊದಲು ಎಲ್ಲವನ್ನೂ ಬೇಗ ಒಂದು ಸುತ್ತು ನೋಡಿ, ಯಾವುದು ಕಾಡಿತೋ ಅದರ ಮುಂದೆ ಮಾತ್ರ ನಿಲ್ಲುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ಒಂದು ಕೃತಿಯ ಮುಂದೆ ನಿಲ್ಲುವುದು ಸರಾಸರಿ 27 ಸೆಕೆಂಡು. ಅಷ್ಟರಲ್ಲಿ ‘ಚೆನ್ನಾಗಿದೆ’, ‘ಅರ್ಥ ಆಗಲಿಲ್ಲ’ ಇವೆರಡೇ ಹೊಳೆಯುವುದು.

ಕೈಯಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು. ಎಷ್ಟೋ ಕಡೆ ಪೆನ್ನಿಗೆ ಬಿಡುವುದಿಲ್ಲ. ಅಭಿಪ್ರಾಯ ಬರೆಯುವುದಿಲ್ಲ, ಕಂಡದ್ದನ್ನು ಬರೆಯುತ್ತೇನೆ. ಯಾವುದರಿಂದ ಮಾಡಿದ್ದು, ಹೇಗೆ ನಿಂತಿದೆ, ಎಷ್ಟೆತ್ತರದಲ್ಲಿದೆ, ಎಲ್ಲಿ ಅಂಟಿಸಿದ ಗುರುತು ಕಾಣುತ್ತದೆ. ಲೇಬಲ್ಲಿನಲ್ಲಿ ‘ಮಿಶ್ರ ಮಾಧ್ಯಮ’ (ಅಂದರೆ ಹಲವು ವಸ್ತು ಸೇರಿಸಿ ಮಾಡಿದ್ದು) ಅಂತ ಇದ್ದರೆ ಅದನ್ನು ಬಿಡಿಸಿ ನೋಡುವುದೇ ಅರ್ಧ ಕೆಲಸ.

ಒಂದು ಪ್ರದರ್ಶನದಲ್ಲಿ ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಹೊಲಿದು ಮಾಡಿದ ದೊಡ್ಡ ಪರದೆ ಇತ್ತು. ಹಿಂದಿನಿಂದ ಬೆಳಕು. ದೂರದಿಂದ ನೋಡಿದರೆ ಬರೀ ಪಕ್ಕೆಲುಬು, ಬೆನ್ನುಮೂಳೆ. ಹತ್ತಿರ ಹೋದರೆ ಬೇರೆಯೇ ಕಂಡಿತು. ಫಿಲ್ಮಿನ ಮೂಲೆಯಲ್ಲಿದ್ದ ಹೆಸರುಗಳನ್ನು ಬ್ಲೇಡಿನಿಂದ ಕೆರೆದಿದ್ದರು. ಕೆಳಗಿನ ಸಾಲುಗಳಲ್ಲಿ ಹೊಲಿಗೆ ಒತ್ತೊತ್ತಾಗಿತ್ತು, ಮೇಲೆ ಹೋದಂತೆ ದೂರ ದೂರ. ಯಾಕೆ ಅಂತ ಕಲಾವಿದೆಯನ್ನೇ ಕೇಳಿದೆ. ಅವರು ಕೆಳಗಿನಿಂದ ಹೊಲಿಯುತ್ತಾ ಬಂದಿದ್ದರು. ಹೊಲಿಗೆ ಒತ್ತಾದ ಕಡೆ ಫಿಲ್ಮು ಅಂಚೆಚೀಟಿ ಹಾಳೆಯ ಹಾಗೆ ತೂತಿನ ಸಾಲಿನಗುಂಟ ಹರಿಯತೊಡಗಿತ್ತು. ಭಾರ ಹೊರುವುದು ಮೇಲಿನ ಸಾಲುಗಳಾದ್ದರಿಂದ ಅಲ್ಲಿ ಸೂಜಿ ಕಡಿಮೆ ಚುಚ್ಚಿದ್ದರು. ಟಿಪ್ಪಣಿಯಲ್ಲಿ ‘ದೇಹದ ನಾಜೂಕುತನ’ ಅಂತ ಏನೋ ಇತ್ತು. ನನ್ನ ಬರಹ ಶುರುವಾದದ್ದು ಮಾತ್ರ ಸೂಜಿ ಚುಚ್ಚುವುದೂ ಕೂಡಿಸುವುದೂ ಒಂದೇ ಕೆಲಸವಾದ ಆ ಹೊಲಿಗೆಯಿಂದ.

‘ಏನನ್ನು ಹೇಳುತ್ತದೆ?’ ಅನ್ನುವುದಕ್ಕಿಂತ ‘ಹೇಗೆ ಮಾಡಿದ್ದು?’ ಅನ್ನುವ ಪ್ರಶ್ನೆ ನನಗೆ ಹೆಚ್ಚು ಕೊಟ್ಟಿದೆ. ಬೆಂಗಳೂರಿನ ಕಲಾವಿದೆ ಶೀಲಾ ಗೌಡರ ದಾರದ ಕೆಲಸಗಳನ್ನೇ ನೋಡಿ. ನೂರಾರು ಅಡಿ ದಾರವನ್ನು ಸೂಜಿಗಳ ಕಣ್ಣಿನಲ್ಲಿ ಪೋಣಿಸಿ, ಕುಂಕುಮ ಮತ್ತು ಅಂಟಿನಿಂದ ಸೇರಿಸಿ ಕೆಂಪು ಹಗ್ಗ ಮಾಡಿದ್ದಾರೆ. ಮಾಡಿದ ಬಗೆ ತಿಳಿದರೆ ಅಲ್ಲಿ ಸೇರಿರುವ ದುಡಿಮೆಯೂ ನೋವೂ ತಾವಾಗಿಯೇ ಕಾಣುತ್ತವೆ.

ಎಲ್ಲ ಕಡೆ ಈ ದಾರಿ ನಡೆಯುವುದಿಲ್ಲ. ಅಮೆರಿಕದ ಕಲಾವಿದ ಫೆಲಿಕ್ಸ್ ಗೊನ್ಜಾಲೆಜ್-ಟೊರೆಸ್ 1991ರಲ್ಲಿ ಮಾಡಿದ ಒಂದು ಕೃತಿ ಬರೀ ಮಿಠಾಯಿ ರಾಶಿ. ರಾಶಿಗೆ ಅವರು ಸೂಚಿಸಿದ ‘ಆದರ್ಶ ತೂಕ’ 175 ಪೌಂಡ್, ಸುಮಾರು 79 ಕಿಲೊ. ಬಂದವರು ಒಂದೊಂದು ತೆಗೆದುಕೊಳ್ಳಬಹುದು. ಅದು ಏಡ್ಸ್‌ನಿಂದ ತೀರಿಕೊಂಡ, ಕಲಾವಿದನ ಸಂಗಾತಿ ರಾಸ್‌ನ ಭಾವಚಿತ್ರ ಅಂತ ಗೊತ್ತಿಲ್ಲದಿದ್ದರೆ, ಎಷ್ಟು ಹೊತ್ತು ನೋಡಿದರೂ ಕಾಣುವುದು ಮಿಠಾಯಿಯೇ. ಇಂಥಲ್ಲಿ ಗೋಡೆಯ ಬರಹ ಕೃತಿಯ ಭಾಗ. ಹಾಗಾಗಿ ಓದಿ ಬಂದು ಇನ್ನೊಮ್ಮೆ ಅದರ ಮುಂದೆ ನಿಲ್ಲುತ್ತೇನೆ. ಓದಿದ್ದು ಕೃತಿಯಲ್ಲಿ ಸಿಕ್ಕಿತಾ, ಇಲ್ಲವಾ? ಸಿಗದಿದ್ದರೆ ಅದನ್ನೂ ಬರೆಯುತ್ತೇನೆ.

ಅಭಿಪ್ರಾಯದ ಪುಸ್ತಕದಲ್ಲಿ ‘ಸೂಪರ್’ ಅಂತ ಬರೆಯುವುದನ್ನು ಬಿಟ್ಟಿದ್ದೇನೆ. ಒಂದು ಪ್ರಶ್ನೆ ಬರೆದು ಕೆಳಗೆ ಫೋನ್ ನಂಬರ್ ಹಾಕುತ್ತೇನೆ. ಕೆಲವು ಕಲಾವಿದರು ನಿಜಕ್ಕೂ ಫೋನ್ ಮಾಡಿದ್ದಾರೆ. ಹಿಡಿಸದ ಪ್ರದರ್ಶನ ಹೊಸಬರ ಮೊದಲನೆಯದಾದರೆ ಅವರಿಗೇ ನೇರವಾಗಿ ಬರೆಯುತ್ತೇನೆ. ಹೆಸರು ಮಾಡಿದವರದ್ದಾದರೆ ಎಲ್ಲರಿಗೂ ಕಾಣುವ ಹಾಗೆ.